ಗಾಂಜಾ: ಹುಡುಗರ ಮೇಲಿನ ಕೇಸ್ ತೆಗೀರಿ, ಅಂಗಡಿ ಮಾತ್ರ ತೆರೀಬೇಡಿ

(ವಿರಾಜಪೇಟೆಲಿ ಪೋಷಕರು, ಕಾಫಿ ಬೆಳೆಗಾರರು, ಹೋಂಸ್ಟೇ ನಡೆಸೋರು ಎಲ್ಲ ಸೇರಿದ್ದ ಒಂದು ಸಭೆಲಿ ಮಾತಾಡಿದ್ದು. ಬರೆದು ಕೊಡಿ ಅಂತ ಸುಮಾರು ಜನ ಕೇಳಿದ್ರು, ಅದಕ್ಕೆ ಟೈಪ್ ಮಾಡಿ ಹಾಕ್ತಿದೀನಿ. ಮಾತಾಡಿದ ಹಾಗೇ ಬಿಟ್ಟಿದೀನಿ, ಕೊನೆಲಿ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರೂ ಅಲ್ಲ ಪೊಲೀಸೂ ಅಲ್ಲ, ವಕೀಲ. ಇಲ್ಲಿನ ಕೋರ್ಟ್‌ಗಳಲ್ಲಿ ಕ್ರಿಮಿನಲ್ ಕೇಸ್ ನಡೆಸ್ತೀನಿ, ಅದ್ರಲ್ಲಿ ಎನ್‌ಡಿಪಿಎಸ್ ಕೇಸ್‌ಗಳೂ ಬರ್ತವೆ, ಅಂದ್ರೆ ಮಾದಕವಸ್ತು ಕಾಯ್ದೆಯ ಕೇಸುಗಳು, ಮೊದ್ಲೆಲ್ಲ ಅಪರೂಪಕ್ಕೆ ಬರ್ತಿದ್ವು ಈಗ ಹಾಗಿಲ್ಲ. ಗಾಂಜಾನ ದೇಶಾದ್ಯಂತ ಲೀಗಲ್ ಮಾಡ್ಬೇಕಾ ಬೇಡ್ವಾ ಅನ್ನೋದರ ಬಗ್ಗೆ ಮಾತಾಡಿ ಅಂತ ಕರೆದಿದೀರಿ. ಸುತ್ತಿ ಬಳಸಿ ಹೇಳೋದಿಲ್ಲ, ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ: ಸ್ವಂತಕ್ಕೆ ಸೇದೋನನ್ನ ಜೈಲಿಗೆ ಹಾಕೋ ಕಾನೂನು ಹೋಗ್ಬೇಕು, ಇಡೀ ದೇಶದಲ್ಲಿ ಹೋಗ್ಬೇಕು. ಆದ್ರೆ ಬ್ರಾಂದಿ ಅಂಗಡಿ ತರ ಗಾಂಜಾ ಅಂಗಡಿ ಬರೋದನ್ನ ನಾನು ಒಪ್ಪಲ್ಲ, ಅದ್ರಲ್ಲೂ ಕೊಡಗಲ್ಲಿ ಖಂಡಿತ ಒಪ್ಪಲ್ಲ. ಟಿವಿ ಚರ್ಚೆಗಳಲ್ಲಿ ಈ ಎರಡನ್ನೂ ಒಂದೇ ಪ್ರಶ್ನೆ ಮಾಡಿ ಕೂಗಾಡ್ತಾರೆ, ಅಲ್ಲೇ ಎಲ್ಲಾ ಕೆಡೋದು.

ಮೊದ್ಲು ಈಗ ಕಾನೂನು ಏನಿದೆ ನೋಡೋಣ, ಯಾಕಂದ್ರೆ ಇಲ್ಲಿ ಕೂತಿರೋ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಗೊತ್ತಿಲ್ದೇ ಇರೋದು ಅಪಾಯ. ಎನ್‌ಡಿಪಿಎಸ್ ಕಾಯ್ದೆ ಬಂದಿದ್ದು 1985ರಲ್ಲಿ. ಆ ಕಾಯ್ದೆ ಪ್ರಕಾರ ಗಾಂಜಾ ಅಂದ್ರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ, ಚರಸ್ ಅಂದ್ರೆ ಅದರ ಅಂಟು. ತುದಿ ಇಲ್ದೇ ಬರೀ ಎಲೆ, ಬರೀ ಬೀಜ ಇದ್ರೆ ಅದು ಗಾಂಜಾ ಅಲ್ಲ. ಅದಕ್ಕೇ ಉತ್ತರ ಭಾರತದಲ್ಲಿ ಭಾಂಗ್ ಅಂಗಡಿಗಳು ಸರ್ಕಾರದ ಲೈಸೆನ್ಸ್ ಇಟ್ಕೊಂಡೇ ನಡೀತಿರೋದು. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ, ಭಾಂಗ್ ನಿಷೇಧಿತ ಪದಾರ್ಥ ಅಂತ ಈ ಕಾಯ್ದೆಲಿ ಎಲ್ಲೂ ಹೇಳಿಲ್ಲ ಅಂತ ಹೇಳಿದೆ. ಅಂದ್ರೆ ಒಂದೇ ಗಿಡದ ಎಲೆ ಅರೆದು ಕುಡಿದ್ರೆ ಹಬ್ಬ, ಹೂವು ಸುತ್ತಿ ಸೇದಿದ್ರೆ ಕೇಸು.

ಪ್ರಮಾಣದ ಲೆಕ್ಕ ಹೀಗೆ. ಗಾಂಜಾ 1 ಕೆಜಿವರೆಗೆ ಸಣ್ಣ ಪ್ರಮಾಣ, ಅದಕ್ಕೆ 1 ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. 20 ಕೆಜಿ ದಾಟಿದ್ರೆ ಕಮರ್ಷಿಯಲ್, ಅಲ್ಲಿ ಕನಿಷ್ಠ 10 ವರ್ಷ, 20 ವರ್ಷದವರೆಗೂ ಹೋಗ್ಬಹುದು, ಜಾಮೀನು ಸಿಗೋದೇ ಕಷ್ಟ. ನಡುವೆ ಇದ್ರೆ 10 ವರ್ಷದವರೆಗೆ. ಬರೀ ಸೇದಿದ್ದು ಸಾಬೀತಾದ್ರೂ 6 ತಿಂಗಳವರೆಗೆ ಜೈಲಿಗೆ ಅವಕಾಶ ಇದೆ. ಇದ್ರಲ್ಲಿ ಇನ್ನೊಂದು ತೊಂದ್ರೆ ಏನಂದ್ರೆ ಗಿಡ ಕಿತ್ತು ತಂದಾಗ ಬೇರು, ಕಾಂಡ, ಎಲೆ ಎಲ್ಲ ಸೇರಿಸಿ ತೂಕ ಹಾಕಿ ಮಹಜರ್ ಬರೀತಾರೆ, ಹೂವಿನ ತುದಿ ಅದ್ರಲ್ಲಿ ಎಷ್ಟಿತ್ತು ಅನ್ನೋದು ಆಮೇಲೆ ಕೋರ್ಟಲ್ಲಿ ವಾದ ಆಗುತ್ತೆ, ಅಷ್ಟರಲ್ಲಿ ಅವನು ಒಳಗೆ ಕೂತು ತಿಂಗಳುಗಳೇ ಕಳೆದಿರುತ್ತೆ.

ಸಣ್ಣ ಪ್ರಮಾಣ ಅಂದ್ರೆ ಜಾಮೀನು ಸಿಗುತ್ತೆ, ದಂಡ ಕಟ್ಟಿ ಬರಬಹುದು, ಅಷ್ಟೇನೂ ದೊಡ್ಡ ವಿಷ್ಯ ಅಲ್ಲ ಅಂತ ಕೆಲವರು ಅಂತಾರೆ. ನಾನು ನೋಡಿರೋದು ಬೇರೆ. ಮೂರು ಎಕರೆ ಕಾಫಿ ತೋಟ ಇರೋ ಒಂದು ಮನೆಯ ಹುಡುಗ, ಓದೋದ್ರಲ್ಲಿ ಚುರುಕು, ಬೈಕಲ್ಲಿ ಬರ್ತಿರುವಾಗ ಚೆಕಿಂಗಲ್ಲಿ ಸಿಕ್ಕಿಬಿದ್ದ, ಜೇಬಲ್ಲಿ ಇದ್ದಿದ್ದು ಒಂದು ಸಣ್ಣ ಪೊಟ್ಟಣ. ಮಾರನೇ ದಿನ ಅವನ ಫೋಟೋ ವಾಟ್ಸಾಪ್ ಗ್ರೂಪ್‌ಗಳಲ್ಲಿ ಇತ್ತು, ಅಪ್ಪನ ಹೆಸ್ರು, ಮನೆ ಹೆಸ್ರು ಸಮೇತ. ಕಾಲೇಜಿಂದ ಕಳಿಸಿದ್ರು. ಎಫ್‌ಎಸ್‌ಎಲ್ ಅಂದ್ರೆ ವಿಧಿವಿಜ್ಞಾನ ಲ್ಯಾಬಿನ ರಿಪೋರ್ಟ್ ಬರೋದು ತಡ, ಚಾರ್ಜ್‌ಶೀಟ್ ತಡ, ಸಾಕ್ಷಿ ಬರಲ್ಲ, ಡೇಟ್ ಮೇಲೆ ಡೇಟ್. ಪಾಸ್‌ಪೋರ್ಟ್ ಅರ್ಜಿ ಹಾಕಿದ್ರೆ ಪೊಲೀಸ್ ವೆರಿಫಿಕೇಶನಲ್ಲಿ ಕೇಸ್ ಬಾಕಿ ಇದೆ ಅಂತ ಬರುತ್ತೆ, ಕಂಪನಿ ಕೆಲಸಕ್ಕೆ ಹೋದ್ರೆ ಅಲ್ಲೂ ಅದೇ. ಕೊಡಗಿನ ಎಷ್ಟೋ ಮನೆಗಳಲ್ಲಿ ಮಕ್ಕಳನ್ನ ಸೈನ್ಯಕ್ಕೆ ಕಳಿಸೋದು ತಲೆಮಾರಿಂದ ಬಂದಿರೋದು, ಅಲ್ಲಂತೂ ಇಂಥ ಕೇಸ್ ಇದ್ದವನಿಗೆ ಬಾಗಿಲು ಮುಚ್ಚಿದ ಹಾಗೇ. ಆ ಹುಡುಗ ಇನ್ನೂ ಕುಡಿಯೋಕೆ ಶುರು ಮಾಡಿರಲಿಲ್ಲ, ಈ ಕೇಸ್ ಆದ್ಮೇಲೆ ಶುರು ಮಾಡಿದ. ಅವನ ಅಪ್ಪ ನನ್ನ ಆಫೀಸಲ್ಲಿ ಕೂತು ಕೇಳಿದ್ದು ಒಂದೇ ಮಾತು, ಇದನ್ನ ಅವನಿಗೆ ಮಾರಿದೋನು ಎಲ್ಲಿದಾನೆ ಸಾರ್? ಆ ಪ್ರಶ್ನೆಗೆ ಚಾರ್ಜ್‌ಶೀಟಲ್ಲಿ ಉತ್ತರ ಇರಲಿಲ್ಲ.

ಇಲ್ಲಿಗೆ ಬರೋ ಮಾಲಿನ ಬಹುಪಾಲು ಎಲ್ಲಿಂದ ಬರುತ್ತೆ ಅನ್ನೋದು ಪೊಲೀಸರಿಗೂ ಗೊತ್ತು, ಪೇಪರ್ ಓದೋರಿಗೂ ಗೊತ್ತು. ಆಂಧ್ರ-ಒಡಿಶಾ ಗಡಿಯ ಗುಡ್ಡಗಾಡು ಈ ದೇಶಕ್ಕೆಲ್ಲ ಗಾಂಜಾ ಕಳಿಸೋ ದೊಡ್ಡ ಜಾಗ. ಅಲ್ಲಿಂದ ಲಾರಿ, ರೈಲು, ಬಸ್ಸು ಹಿಡಿದು ಎಷ್ಟೋ ಕೈ ದಾಟಿ ಕುಶಾಲನಗರಕ್ಕೆ ಗೋಣಿಕೊಪ್ಪಕ್ಕೆ ಬರೋ ಹೊತ್ತಿಗೆ ಅದು ಸಣ್ಣ ಸಣ್ಣ ಪೊಟ್ಟಣ ಆಗಿರುತ್ತೆ, ಸಿಕ್ಕಿಬೀಳೋನು ಆ ಕೊನೆಯ ಪೊಟ್ಟಣದೋನು. ಹಾಗೇ ಇನ್ನೊಂದು ಮಾತು ಇಲ್ಲೇ ಹೇಳ್ಬೇಕು, ಊರಲ್ಲಿ ಗಾಂಜಾ ಸಿಕ್ಕಿದ ತಕ್ಷಣ ತೋಟದ ಕಾರ್ಮಿಕರ ಲೈನ್ ಮನೆಯ ಅಸ್ಸಾಂ ಹುಡುಗರನ್ನೋ ಗಡಿ ಆಚೆಯಿಂದ ಶುಂಠಿ ಮಾಡೋಕೆ ಬಂದೋರನ್ನೋ ತೋರ್ಸಿ ಅವರೇ ತಂದಿದ್ದು ಅಂತ ತೀರ್ಮಾನ ಮಾಡ್ಬಿಡ್ತೀವಿ. ದಯವಿಟ್ಟು ಮಾಡ್ಬೇಡಿ. ನನ್ನ ಹತ್ರ ಬರೋ ಫೈಲುಗಳಲ್ಲಿ ಎಲ್ಲಾ ಜಾತಿ ಎಲ್ಲಾ ಭಾಷೆಯವರ ಮಕ್ಕಳೂ ಇದಾರೆ, ಒಳ್ಳೇ ಮನೆತನದ ಮಕ್ಕಳೂ ಇದಾರೆ.

ತೋಟದ ಮಾಲೀಕರಿಗೆ ಒಂದೆರಡು ಮಾತು. ಗಿಡ ಬೆಳೆಸೋದಕ್ಕೆ ಈ ಸಣ್ಣ ಪ್ರಮಾಣ ದೊಡ್ಡ ಪ್ರಮಾಣದ ಲೆಕ್ಕ ಇಲ್ಲ, ಒಂದು ಗಿಡ ನೆಟ್ರೂ 10 ವರ್ಷದವರೆಗೆ ಶಿಕ್ಷೆಗೆ ಅವಕಾಶ ಇದೆ. 46ನೇ ಸೆಕ್ಷನ್ ಪ್ರಕಾರ ನಿಮ್ಮ ಜಾಗದಲ್ಲಿ ಯಾರಾದ್ರೂ ಗಾಂಜಾ ಹಾಕಿದಾರೆ ಅಂತ ಗೊತ್ತಾದ್ರೆ ತಕ್ಷಣ ಪೊಲೀಸಿಗೆ ತಿಳಿಸ್ಬೇಕು, ಗೊತ್ತಿದ್ದೂ ಸುಮ್ನೆ ಇದ್ರೆ ನೀವೂ ಆರೋಪಿ. ಏಲಕ್ಕಿ ಮಲೆಯಲ್ಲಿ, ಹೊಳೆ ಬದಿಯಲ್ಲಿ ತಿಂಗಳುಗಟ್ಟಲೆ ಕಾಲಿಡದ ಮೂಲೆಗಳು ಎಲ್ಲರ ತೋಟದಲ್ಲೂ ಇರ್ತವೆ, ಗುತ್ತಿಗೆಗೆ ಕೊಟ್ಟ ಜಾಗಕ್ಕಂತೂ ಹೋಗೋದೇ ಇಲ್ಲ. ಹೋಗಿ ನೋಡ್ತಿರಿ. ಹೋಂಸ್ಟೇ ನಡೆಸೋರಿಗೆ 25ನೇ ಸೆಕ್ಷನ್ ಇದೆ, ಗೊತ್ತಿದ್ದೂ ಜಾಗ ಕೊಟ್ರೆ ಆ ಅಪರಾಧಕ್ಕೆ ಏನು ಶಿಕ್ಷೆಯೋ ಅದೇ ನಿಮಗೂ. ಗೆಸ್ಟ್ ರೂಮಲ್ಲಿ ಏನ್ ಮಾಡ್ತಾರೋ ನಮಗ್ಯಾಕೆ ಅನ್ನೋ ಮಾತು ಕೋರ್ಟಲ್ಲಿ ನಡೆಯಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಗಾಂಜಾ ಈ ದೇಶದಲ್ಲಿ ಯಾವತ್ತೂ ನಿಷೇಧ ಆಗಿತ್ತು ಅಂತ ನಮ್ಮಲ್ಲಿ ಎಷ್ಟೋ ಜನ ತಿಳ್ಕೊಂಡಿದಾರೆ. ಬ್ರಿಟಿಷರ ಕಾಲದಲ್ಲಿ ಲೈಸೆನ್ಸ್ ಅಂಗಡಿಗಳಲ್ಲಿ ಮಾರ್ತಿದ್ರು, ಸರ್ಕಾರಕ್ಕೆ ತೆರಿಗೆ ಬರ್ತಿತ್ತು. 1893ರಲ್ಲಿ ಲಂಡನ್ ಪಾರ್ಲಿಮೆಂಟಲ್ಲಿ ಪ್ರಶ್ನೆ ಎದ್ದು, ಇಂಡಿಯಾದಲ್ಲಿ ಗಾಂಜಾ ಸೇದಿ ಜನಕ್ಕೆ ಹುಚ್ಚು ಹಿಡೀತಿದೆಯಂತೆ ಅಂತ, ಒಂದು ಆಯೋಗ ಮಾಡಿದ್ರು, ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ (ಹೆಂಪ್ ಅಂದ್ರೆ ಗಾಂಜಾ ಗಿಡ). ಮ್ಯಾಕ್‌ವರ್ತ್ ಯಂಗ್ ಅನ್ನೋರು ಅಧ್ಯಕ್ಷರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ತಗೊಂಡ್ರು, ಆಗ ಕೊಡಗು ಬೇರೆಯೇ ಪ್ರಾಂತ್ಯ ಅಲ್ವಾ, ಕೊಡಗಿನಿಂದಲೂ ತಗೊಂಡ್ರು, ಅದು ವರದಿಯ ಸಂಪುಟಗಳಲ್ಲಿ ಇದೆ. ಹುಚ್ಚಾಸ್ಪತ್ರೆಗಳ ರಿಜಿಸ್ಟರ್ ತರಿಸಿ ಗಾಂಜಾದಿಂದ ಹುಚ್ಚು ಅಂತ ಬರೆದಿದ್ದ ಕೇಸುಗಳನ್ನ ಒಂದೊಂದಾಗಿ ವಿಚಾರಿಸಿದ್ರು, ಬಹಳಷ್ಟು ಕಡೆ ಕಾರಣ ಗೊತ್ತಾಗ್ದೇ ಸುಮ್ನೆ ಗಾಂಜಾ ಅಂತ ಬರೆದಿದ್ದು ಅಂತ ತಿಳೀತು. 1894ರಲ್ಲಿ ಏಳು ಸಂಪುಟದ ವರದಿ ಬಂತು. ಮಿತವಾಗಿ ಬಳಸೋರಿಗೆ ದೊಡ್ಡ ಹಾನಿ ಕಾಣ್ತಿಲ್ಲ, ಅತಿಯಾದ್ರೆ ಹಾನಿ ಇದೆ, ಪೂರ್ತಿ ನಿಷೇಧ ಬೇಡ, ಲೈಸೆನ್ಸು ತೆರಿಗೆ ಮೂಲಕ ಹಿಡಿತದಲ್ಲಿ ಇಡಿ ಅಂದ್ರು. ಲೀಗಲ್ ಮಾಡಿ ಅನ್ನೋರು ಈ ವರದಿನ ಇವತ್ತಿಗೂ ಹಿಡ್ಕೊಂಡು ಬರ್ತಾರೆ, ಒಳ್ಳೇ ವರದಿ, ನಾನೂ ಗೌರವ ಕೊಡ್ತೀನಿ. ಆದ್ರೆ ಅವತ್ತಿನ ಗಾಂಜಾ ಬೇರೆ ಇವತ್ತಿನದು ಬೇರೆ, ಅದಕ್ಕೆ ಆಮೇಲೆ ಬರ್ತೀನಿ.

ನಮ್ಮ ಸಂವಿಧಾನದ ಏಳನೇ ಶೆಡ್ಯೂಲ್ ತೆಗೆದು ನೋಡಿ, ರಾಜ್ಯಗಳು ಯಾವುದರ ಮೇಲೆ ಅಬಕಾರಿ ಸುಂಕ ಹಾಕಬಹುದು ಅನ್ನೋ ಪಟ್ಟಿಲಿ ಮದ್ಯದ ಜೊತೆ ಅಫೀಮು, ಇಂಡಿಯನ್ ಹೆಂಪ್ ಎರಡೂ ಇವತ್ತಿಗೂ ಇವೆ. ಬದಲಾಗಿದ್ದು 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂದ್ಮೇಲೆ. ಅದ್ರಲ್ಲಿ ಗಾಂಜಾನ ಹೆರಾಯಿನ್ ಜೊತೆ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿದ್ರು, ಹಳೇ ಬಳಕೆ ಇರೋ ದೇಶಗಳಿಗೆ ನಿಲ್ಲಿಸೋಕೆ 25 ವರ್ಷ ಟೈಮ್ ಕೊಟ್ರು, ಎಲೆ ಬೀಜ ಹೊರಗಿಟ್ರು. ಆ ಗಡುವು ಮುಗಿಯೋಕೆ ಬಂದಾಗ ನಮ್ಮಲ್ಲಿ 1985ರ ಕಾಯ್ದೆ ಬಂತು. 2020ರ ಡಿಸೆಂಬರಲ್ಲಿ ಅದೇ ವಿಶ್ವಸಂಸ್ಥೆಯ ಆಯೋಗ ಗಾಂಜಾನ ಆ ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೀತು, 27 ದೇಶ ಪರ 25 ವಿರೋಧ, ಭಾರತ ತೆಗೀರಿ ಅಂತಲೇ ವೋಟ್ ಹಾಕ್ತು. ಹೊರಗೆ ಹಾಗೆ ವೋಟ್ ಹಾಕಿದ ಸರ್ಕಾರ ಒಳಗಿನ ಕಾನೂನಲ್ಲಿ ಆ ಹುಡುಗನ ಪೊಟ್ಟಣಕ್ಕೆ ಇದ್ದ ಶಿಕ್ಷೆನ ಹಾಗೇ ಇಟ್ಕೊಂಡಿದೆ.

ನಿಷೇಧದಿಂದ ಬಳಕೆ ನಿಂತಿದೆಯಾ ಅಂದ್ರೆ ಇಲ್ಲ. ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆಗೆ ಏಮ್ಸ್‌ನವರು ಮಾಡಿಕೊಟ್ಟ ಸರ್ವೆ 2019ರಲ್ಲಿ ಬಂತು, 10ರಿಂದ 75 ವಯಸ್ಸಿನೋರಲ್ಲಿ 2.8 ಪರ್ಸೆಂಟ್, ಅಂದ್ರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಾಂಗ್ ಗಾಂಜಾ ಚರಸ್ ಯಾವುದಾದ್ರೂ ಬಳಸಿದೋರು. ಕಾನೂನು ವಿರುದ್ಧವಾದ ಗಾಂಜಾ ಚರಸ್ ಬಳಸಿದೋರೇ ಸುಮಾರು 1.3 ಕೋಟಿ. ಇಷ್ಟು ಜನಾನ ಹಾಕೋಕೆ ಜೈಲು ಎಲ್ಲಿದೆ? ಇಲ್ಲ, ಹಾಗಾಗಿ ಕಾನೂನು ಎಲ್ಲರ ಮೇಲೂ ಬೀಳಲ್ಲ, ಪೊಲೀಸ್ ಯಾರನ್ನ ನಿಲ್ಲಿಸ್ತಾರೋ ಅವರ ಮೇಲೆ ಬೀಳುತ್ತೆ, ಅಂದ್ರೆ ಬೈಕಲ್ಲಿ ಹೋಗೋನ ಮೇಲೆ, ಬಸ್ ಸ್ಟ್ಯಾಂಡಲ್ಲಿ ಚೀಲ ಹಿಡ್ಕೊಂಡು ನಿಂತೋನ ಮೇಲೆ. ದೊಡ್ಡ ಕಾರಿನ ಗ್ಲಾಸ್ ಇಳಿಸಿ ನೋಡೋದು ಕಮ್ಮಿ. ಅದೇ ಸರ್ವೆಲಿ ಇನ್ನೊಂದು ಅಂಕಿ ಇದೆ, ಅದನ್ನ ಯಾರೂ ಚರ್ಚೆಲಿ ಹೇಳಲ್ಲ: ಮದ್ಯ ಕುಡಿಯೋರು 16 ಕೋಟಿ, ಅವರಲ್ಲಿ ಚಿಕಿತ್ಸೆ ಬೇಕಾಗಿರೋರು 5.7 ಕೋಟಿ. ಗಾಂಜಾದಿಂದ ಸಹಾಯ ಬೇಕಾಗಿರೋರು ಸುಮಾರು 72 ಲಕ್ಷ. 72 ಲಕ್ಷ ಸಣ್ಣ ಸಂಖ್ಯೆ ಅಲ್ಲ, ಆದ್ರೆ ಅಂಗಡಿ ತೆರೆದಿಟ್ಟ ಪದಾರ್ಥ ಎಷ್ಟು ಜನಾನ ಹಿಡ್ಕೊಳ್ಳುತ್ತೆ ಅನ್ನೋದು ಆ ಎರಡು ಅಂಕಿ ಪಕ್ಕಪಕ್ಕ ಇಟ್ರೆ ಕಾಣುತ್ತೆ.

ಇಲ್ಲಿಂದ ನನ್ನ ಎರಡನೇ ಮಾತಿಗೆ ಬರ್ತೀನಿ, ಅಂಗಡಿ ಯಾಕೆ ಬೇಡ ಅನ್ನೋದು.

ಕೊಡಗಿನವರಿಗೆ ಮದ್ಯದ ಬಗ್ಗೆ ಹೇಳೋಕೆ ನಾನ್ಯಾರು, ಗುರು ಕಾರೋಣರಿಗೆ, ಅಂದ್ರೆ ಮನೆತನದ ಹಿರಿಯರಿಗೆ, ಮೀದಿ (ಎಡೆ) ಇಡೋವಾಗ, ಮದುವೆ ಮನೆಲಿ, ಪುತ್ತರಿ ಹಬ್ಬದಲ್ಲಿ ಅದು ಇದ್ದೇ ಇರುತ್ತೆ, ಅದಕ್ಕೊಂದು ಮರ್ಯಾದೆ, ಒಂದು ಅಳತೆ ಇದೆ. ನಾನು ಹೇಳ್ತಿರೋದು ಆದಿವಾಸಿ ಹಾಡಿಗಳ ಬಗ್ಗೆ, ಲೈನ್ ಮನೆಗಳ ಬಗ್ಗೆ. ಯರವರ, ಕುರುಬರ ಹಾಡಿಗೆ ಹೋಗಿ ಬಂದೋರಿಗೆ ಗೊತ್ತು, ನಲವತ್ತು ದಾಟಿದ ಗಂಡಸರು ಕಮ್ಮಿ ಕಾಣ್ತಾರೆ. ವಾರದ ಬಟವಾಡೆ ಆದ ಸಂಜೆ ದುಡ್ಡು ಎಲ್ಲಿ ಹೋಗುತ್ತೆ ಅಂತ ಇಲ್ಲಿರೋ ತೋಟದ ರೈಟರ್‌ಗಳನ್ನ ಕೇಳಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಲ್ಲಿಸಿದ್ರು, ಹೆಂಗಸರು ಎಷ್ಟು ಖುಷಿ ಪಟ್ರು ನೆನಪಿದೆಯಾ. ಆಮೇಲೆ ಏನಾಯ್ತು, ಸಾರಾಯಿ ಪ್ಯಾಕೆಟ್ ಹೋಯ್ತು ಅದೇ ಜಾಗಕ್ಕೆ ಅಗ್ಗದ ವಿಸ್ಕಿ ಬ್ರಾಂದಿ 90 ಎಂಎಲ್ ಟೆಟ್ರಾ ಪ್ಯಾಕ್ ಬಂತು, ಬೆಲೆ ಜಾಸ್ತಿ, ಕುಡಿತ ಅಷ್ಟೇ, ಸರ್ಕಾರದ ಅಬಕಾರಿ ಆದಾಯ ವರ್ಷದಿಂದ ವರ್ಷಕ್ಕೆ ಏರ್ತಾನೇ ಇದೆ. ಖಜಾನೆ ಒಂದು ಸಲ ಒಂದು ಪದಾರ್ಥದ ದುಡ್ಡಿಗೆ ಅಂಟ್ಕೊಂಡ್ರೆ ಆಮೇಲೆ ಅದೇ ಖಜಾನೆ ಜನಕ್ಕೆ ಕಮ್ಮಿ ಬಳಸಿ ಅಂತ ಮನಸ್ಸಿಂದ ಹೇಳೋದಿಲ್ಲ. ಗಾಂಜಾ ತೆರಿಗೆಯಿಂದ ಸ್ಕೂಲು ಆಸ್ಪತ್ರೆ ಕಟ್ಟಬಹುದು ಅನ್ನೋರಿಗೆ ನಾನು ಕೇಳೋದು, ಮದ್ಯದ ದುಡ್ಡಲ್ಲಿ ಯಾವ ಹಾಡಿ ಉದ್ಧಾರ ಆಗಿದೆ ತೋರ್ಸಿ.

ಥಾಯ್ಲೆಂಡ್ ಕಥೆ ನಮಗೆ ತುಂಬ ಹತ್ತಿರದ್ದು, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಅವರೂ ನಮ್ಮ ಹಾಗೆ ಟೂರಿಸ್ಟನ್ನ ನಂಬಿದೋರು. 2022ರ ಜೂನಲ್ಲಿ ಗಾಂಜಾನ ಮಾದಕವಸ್ತು ಪಟ್ಟಿಯಿಂದ ತೆಗೆದ್ರು, ಏಷ್ಯಾದಲ್ಲೇ ಮೊದ್ಲು. ಹೇಳಿದ್ದು ವೈದ್ಯಕೀಯಕ್ಕೆ, ರೈತರಿಗೆ ಹೊಸ ಬೆಳೆ ಅಂತ. ಯಾರು ಮಾರಬಹುದು, ಎಷ್ಟು, ಯಾರಿಗೆ ಅನ್ನೋ ಪೂರ್ತಿ ಕಾನೂನು ಪಾರ್ಲಿಮೆಂಟಲ್ಲಿ ಪಾಸ್ ಆಗೋ ಮೊದ್ಲೇ ಬಾಗಿಲು ತೆರೆದುಬಿಟ್ರು. ಬ್ಯಾಂಕಾಕ್, ಫುಕೆಟ್, ಪಟ್ಟಾಯ ಬೀದಿಗಳಲ್ಲಿ ಸಾವಿರಾರು ಅಂಗಡಿ ಎದ್ವು, ಹಸಿರು ಎಲೆ ಬೋರ್ಡು ಹಾಕಿ. ರೈತನಿಗೆ ಸಿಗುತ್ತೆ ಅಂದಿದ್ದ ಬೆಲೆ ಮಾಲು ಜಾಸ್ತಿ ಆಗಿ ಬಿದ್ದುಹೋಯ್ತು. ಕೊನೆಗೆ 2025ರ ಜೂನಲ್ಲಿ ಸರ್ಕಾರವೇ ಹಿಂದೆ ಸರಿದು ಡಾಕ್ಟರ್ ಚೀಟಿ ಇಲ್ದೇ ಮಾರಬಾರದು ಅಂತ ಆದೇಶ ಹೊರಡಿಸ್ತು. ಮೂರು ವರ್ಷದಲ್ಲಿ ಅಂಗಡಿಗೆ ಬಂಡವಾಳ ಹಾಕಿದೋರು, ಅಭ್ಯಾಸ ಹತ್ತಿಸಿಕೊಂಡೋರು ಎಲ್ಲ ನಡುನೀರಲ್ಲಿ. ಈಗ ನಮ್ಮ ಅಬ್ಬಿ ಫಾಲ್ಸ್ ದಾರಿ, ರಾಜಾಸೀಟ್, ದುಬಾರೆ ಶನಿವಾರ ಭಾನುವಾರ ಹೇಗಿರುತ್ತೆ ಯೋಚನೆ ಮಾಡಿ. ಬಾಟಲಿ ಒಡೆದು ಹೊಳೇಲಿ ಬಿಸಾಡೋ ಜನಾನೇ ನಮ್ಮ ಕೈಲಿ ಸಂಭಾಳಿಸೋಕೆ ಆಗ್ತಿಲ್ಲ. ಬೆಂಗಳೂರಿಂದ ಐದಾರು ಗಂಟೆ ದೂರ ಇರೋ ಜಿಲ್ಲೆಲಿ ಗಾಂಜಾ ಅಂಗಡಿಗೆ ಲೈಸೆನ್ಸ್ ಸಿಗುತ್ತೆ ಅಂದ್ರೆ ಇಲ್ಲಿನ ತೋಟ ಯಾರ ಕೈಗೆ ಹೋಗುತ್ತೆ, ನಮ್ಮ ಮಕ್ಕಳಿಗೆ ಯಾವ ಕೆಲಸ ಸಿಗುತ್ತೆ?

ಮತ್ತೆ ಇವತ್ತಿನ ಮಾಲು. ಅಮೆರಿಕಾದಲ್ಲಿ ಪೊಲೀಸರು ಹಿಡಿದ ಗಾಂಜಾದಲ್ಲಿ ಟಿಎಚ್‌ಸಿ, ಅಂದ್ರೆ ಅಮಲು ಏರಿಸೋ ಅಂಶ, 1995ರಲ್ಲಿ ಸುಮಾರು 4 ಪರ್ಸೆಂಟ್ ಇತ್ತು, 2014ಕ್ಕೆ ಸುಮಾರು 12 ಪರ್ಸೆಂಟ್ ಆಯ್ತು. ಈಗ ಅಲ್ಲಿನ ಅಂಗಡಿಗಳಲ್ಲಿ 20 ದಾಟಿದ್ದು ಮಾಮೂಲು, ಎಣ್ಣೆ ಮೇಣದ ತರ ಮಾಡಿರೋದ್ರಲ್ಲಿ ಇನ್ನೂ ಎಷ್ಟೋ ಪಟ್ಟು. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಯೂರೋಪಿನ ಹಲವು ಊರು ಮತ್ತು ಬ್ರೆಜಿಲ್ ಸೇರಿಸಿ ಮಾಡಿದ್ದು, ಜೋರು ಅಮಲಿನ ಗಾಂಜಾ ದಿನಾ ಸೇದೋರಲ್ಲಿ ಸೈಕೋಸಿಸ್ (ವಾಸ್ತವದ ಅರಿವೇ ತಪ್ಪೋ ಮಾನಸಿಕ ಕಾಯಿಲೆ) ಬರೋ ಸಂಭವ ಯಾವತ್ತೂ ಸೇದದೋರಿಗಿಂತ ಸುಮಾರು ಐದು ಪಟ್ಟು ಜಾಸ್ತಿ ಅಂತ ಹೇಳ್ತು. ಹದಿನೈದು ಹದಿನಾರು ವಯಸ್ಸಲ್ಲಿ ಶುರು ಮಾಡಿದೋರಿಗೆ ಅಪಾಯ ಇನ್ನೂ ಹೆಚ್ಚು, ಮಿದುಳು ಇನ್ನೂ ಬೆಳೀತಿರುತ್ತೆ. ಗಾಂಜಾ ಗಿಡಮೂಲಿಕೆ, ಶಿವನ ಪ್ರಸಾದ, ಅದ್ರಿಂದ ಏನೂ ಆಗಲ್ಲ ಅಂತ ಇನ್‌ಸ್ಟಾಗ್ರಾಮಲ್ಲಿ ಹೇಳೋರ ಮಾತು ನಂಬ್ಬೇಡಿ. ಉತ್ತರ ಕರ್ನಾಟಕದ ಕೆಲವು ಗದ್ದುಗೆ ಮಠಗಳಲ್ಲಿ ಅವಧೂತರ ಪರಂಪರೆಲಿ ಅದು ಇದೆ, ನಿಜ, ಅದು ಗುರು ಎದುರಿಗೆ, ಒಂದು ಕಟ್ಟುಪಾಡಿನ ಒಳಗೆ. ಪಿಯುಸಿ ಹುಡುಗ ರೂಮಲ್ಲಿ ಬಾಗಿಲು ಹಾಕ್ಕೊಂಡು ದಿನಾ ಸೇದೋದಕ್ಕೂ ಅದಕ್ಕೂ ಏನು ಸಂಬಂಧ.

ಹಾಗಾದ್ರೆ ನಡುವೆ ದಾರಿ ಇದೆಯಾ ಅಂದ್ರೆ ಇದೆ, ಬೇರೆ ದೇಶಗಳು ನಡೆದು ತೋರಿಸಿವೆ. ಪೋರ್ಚುಗಲ್ 2001ರಲ್ಲಿ ಮಾಡಿದ್ದು ನೋಡಿ, ಅಲ್ಲಿ ಮಾರೋದು ಇವತ್ತಿಗೂ ಅಪರಾಧ, ಆದ್ರೆ ಸುಮಾರು ಹತ್ತು ದಿನದ ಸ್ವಂತ ಬಳಕೆಗೆ ಆಗೋವಷ್ಟು ಇಟ್ಕೊಂಡೋನು ಕ್ರಿಮಿನಲ್ ಕೋರ್ಟಿಗೆ ಹೋಗಲ್ಲ, ಒಂದು ಸಮಿತಿ ಎದುರು ಹೋಗ್ತಾನೆ, ಅಲ್ಲಿ ಕಾನೂನು ಗೊತ್ತಿರೋರು, ವೈದ್ಯರೋ ಮನಶ್ಶಾಸ್ತ್ರ ತಿಳಿದೋರೋ, ಸಮಾಜ ಕಾರ್ಯಕರ್ತರೋ ಇರ್ತಾರೆ, ಕೂರಿಸಿ ಮಾತಾಡಿಸ್ತಾರೆ, ಚಟ ಆಗಿದ್ರೆ ಚಿಕಿತ್ಸೆಗೆ ಕಳಿಸ್ತಾರೆ. ಉರುಗ್ವೆ 2013ರಲ್ಲಿ ಕಾನೂನು ಮಾಡಿ ಹೆಸರು ನೋಂದಾಯಿಸಿದ ಪ್ರಜೆಗೆ, ಅಲ್ಲಿನ ಕಾಯಂ ನಿವಾಸಿಗೆ ಮಾತ್ರ ಮೆಡಿಕಲ್ ಶಾಪಲ್ಲಿ ತಿಂಗಳಿಗೆ 40 ಗ್ರಾಂವರೆಗೆ ಅಂತ ಇಟ್ಟಿದೆ, ಜಾಹೀರಾತು ಇಲ್ಲ, ಟೂರಿಸ್ಟಿಗೆ ಇಲ್ಲ. ಕೆನಡಾ 2018ರ ಅಕ್ಟೋಬರ್ 17ರಿಂದ ಪೂರ್ತಿ ತೆರೀತು, ಜರ್ಮನಿ 2024ರ ಏಪ್ರಿಲ್ 1ರಿಂದ ಅಂಗಡಿ ಕೊಡದೇ ದೊಡ್ಡೋರಿಗೆ ಮನೇಲಿ ಮೂರು ಗಿಡ, ಹೊರಗೆ 25 ಗ್ರಾಂ ಅಂತ ಬಿಟ್ಟಿದೆ. ಅಮೆರಿಕಾದ್ದು ಗೋಜಲು, 2012ರಲ್ಲಿ ಕೊಲರಾಡೋ ವಾಷಿಂಗ್ಟನ್ ರಾಜ್ಯಗಳ ಜನ ವೋಟ್ ಹಾಕಿ ಶುರು ಮಾಡಿದ್ದು 24 ರಾಜ್ಯ ಆಯ್ತು, ಆದ್ರೂ ಅವರ ಕೇಂದ್ರ ಕಾನೂನಲ್ಲಿ ಅದಕ್ಕೆ ಅನುಮತಿ ಇಲ್ಲ. ಪಕ್ಕದ ರಾಜ್ಯಕ್ಕೆ ತಗೊಂಡು ಹೋದ್ರೆ ಅಪರಾಧ, ಬ್ಯಾಂಕು ಖಾತೆ ಕೊಡೋಕೆ ಹೆದರುತ್ತೆ.

ಅದನ್ನ ಯಾಕೆ ಹೇಳಿದೆ ಅಂದ್ರೆ, ನಮ್ಮಲ್ಲಿ ಏನೇ ಬದಲಾದ್ರೂ ಅದು ಇಡೀ ದೇಶಕ್ಕೆ ಒಟ್ಟಿಗೆ ಆಗ್ಬೇಕು. ನಮ್ಮ ಗಡಿ ದಾಟಿದ್ರೆ ಕೇರಳ, ಮಾಕುಟ್ಟದ ಆಚೆ ಇರಿಟ್ಟಿ, ಕುಟ್ಟದ ಆಚೆ ವಯನಾಡು, ಕರಿಕೆ ದಾಟಿದ್ರೆ ಕಾಸರಗೋಡು. ಒಂದು ರಾಜ್ಯ ಬಿಟ್ಟು ಇನ್ನೊಂದು ಬಿಡದಿದ್ರೆ ನಮ್ಮ ಚೆಕ್‌ಪೋಸ್ಟ್ ಗೇಟುಗಳಲ್ಲಿ ಏನಾಗುತ್ತೆ, ಕೇರಳದ ನಡುವೆ ಇರೋ ಪುದುಚೇರಿಯ ಮಾಹೆಯ ಅಗ್ಗದ ಮದ್ಯದ ವಿಷ್ಯದಲ್ಲಿ ಮಲಬಾರಿನೋರು ಎಷ್ಟು ವರ್ಷದಿಂದ ನೋಡ್ತಿದಾರೆ. ಎನ್‌ಡಿಪಿಎಸ್ ಕೇಂದ್ರದ ಕಾಯ್ದೆ, ತಿದ್ದುಪಡಿ ಪಾರ್ಲಿಮೆಂಟಲ್ಲೇ ಆಗ್ಬೇಕು. 2001ರಲ್ಲಿ ತಿದ್ದಿ ಪ್ರಮಾಣಕ್ಕೆ ತಕ್ಕ ಶಿಕ್ಷೆ ತಂದ್ರು, 2014ರಲ್ಲೂ ತಿದ್ದಿದ್ರು, ಹಾಗಾಗಿ ಆಗದ ಕೆಲಸ ಏನಲ್ಲ. ಪಟಿಯಾಲದ ಸಂಸದರಾಗಿದ್ದ ಡಾಕ್ಟರ್ ಧರ್ಮವೀರ ಗಾಂಧಿ 2016ರಲ್ಲಿ ಖಾಸಗಿ ಮಸೂದೆಗೆ ಪ್ರಯತ್ನ ಮಾಡಿದ್ರು, ಹೆರಾಯಿನ್‌ನಲ್ಲಿ ಮುಳುಗಿದ ಪಂಜಾಬಿನ ಹುಡುಗರನ್ನ ನೋಡಿ ನೋಡಿ ಬೇಸತ್ತ ಡಾಕ್ಟರ್ ಅವರು. ಅವರ ಎಲ್ಲಾ ಮಾತೂ ನಾನು ಒಪ್ಪಲ್ಲ, ಆದ್ರೆ ಬಳಸೋನು ರೋಗಿ, ಅಪರಾಧಿ ಅಲ್ಲ ಅನ್ನೋ ಜಾಗದಿಂದ ಅವರು ಶುರು ಮಾಡಿದ್ರು ನೋಡಿ, ಅದು ಸರಿ.

ಪ್ರಶ್ನೆಗಳು ಬಂದ್ವು.

ಮೊದಲ್ನೇದು ಬೆಳೆಗಾರರದ್ದು, ಉತ್ತರಾಖಂಡದಲ್ಲಿ ಹೆಂಪ್ ಬೆಳೀತಾರಂತಲ್ಲ, ನಾವ್ಯಾಕೆ ಬೆಳೀಬಾರದು? ಹೌದು, 14ನೇ ಸೆಕ್ಷನ್ನಲ್ಲಿ ನಾರಿಗೆ ಬೀಜಕ್ಕೆ ಅಂತ ಬೆಳೆಯೋಕೆ ಅವಕಾಶ ಇದೆ, ಉತ್ತರಾಖಂಡ ಲೈಸೆನ್ಸ್ ಕೊಟ್ಟಿದೆ, ಹಿಮಾಚಲವೂ ಔಷಧಿಗೆ ಕೈಗಾರಿಕೆಗೆ ಬಿಡೋ ಕಡೆ ಹೆಜ್ಜೆ ಇಟ್ಟಿದೆ. ಆದ್ರೆ ಟಿಎಚ್‌ಸಿ 0.3 ಪರ್ಸೆಂಟ್ ದಾಟಬಾರದು, ದಾಟಿದ್ರೆ ಬೆಳೆ ನಾಶ ಮಾಡ್ಬೇಕು, ನಷ್ಟ ನಿಮ್ಮದು. ಕರ್ನಾಟಕದಲ್ಲಿ ಸರ್ಕಾರದ ಅನುಮತಿ ಇಲ್ದೇ ಒಂದು ಬೀಜನೂ ಹಾಕ್ಬೇಡಿ, ಆನ್‌ಲೈನಲ್ಲಿ ಬೀಜ ಸಿಗುತ್ತೆ ಅಂತ ತರಿಸ್ಬೇಡಿ. ಮಧ್ಯಪ್ರದೇಶ ರಾಜಸ್ಥಾನದಲ್ಲಿ ಔಷಧಿಗೆ ಅಂತ ಅಫೀಮು ಲೈಸೆನ್ಸಲ್ಲಿ ಬೆಳೀತಾರೆ, ಹೊಲ ಅಳೆದು ಕೊಡ್ತಾರೆ, ಮಾಲು ಪೂರ್ತಿ ಸರ್ಕಾರಕ್ಕೇ ಕೊಡ್ಬೇಕು, ಸರ್ಕಾರ ಹೇಳಿದ್ದೇ ಬೆಲೆ. ಬೆಳೆದ ಕಾಫಿನೆಲ್ಲ ಬೋರ್ಡಿಗೇ ಕೊಡ್ಬೇಕಿದ್ದ ಕಾಫಿ ಬೋರ್ಡ್ ಪೂಲ್ ಕಾಲ ನೋಡಿದ ಹಿರಿಯರು ಇಲ್ಲಿದಾರೆ, 1990ರ ದಶಕದಲ್ಲಿ ಅದರಿಂದ ಬಿಡಿಸಿಕೊಳ್ಳೋಕೆ ಎಷ್ಟು ಒದ್ದಾಡಿದ್ರಿ, ಅಂಥ ಇನ್ನೊಂದು ಬೆಳೆಗೆ ಕೈ ಹಾಕೋ ಮೊದ್ಲು ಅವರನ್ನ ಕೇಳಿ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ರು ಮಾಜಿ ಸುಬೇದಾರರು ಎದ್ದು, ಭಯ ಹೋದ್ರೆ ಎಲ್ಲಾ ಹುಡುಗರೂ ಸೇದ್ತಾರೆ ವಕೀಲ್ರೇ, ಶಿಸ್ತು ಅಂದ್ರೆ ಭಯ ಅಂದ್ರು. ಅವರ ಮಾತಿಗೆ ನನಗೆ ಗೌರವ ಇದೆ. ಆದ್ರೆ ಭಯ ಮಾರೋನಿಗೆ ಇರ್ಬೇಕು ಅಂಕಲ್, ಅವನಿಗಿರೋ 10, 20 ವರ್ಷ ಹಾಗೇ ಇರಲಿ, ನಾನು ತೆಗೀರಿ ಅಂತಿಲ್ಲ. ಹದಿನೆಂಟು ತುಂಬದ ಮಕ್ಕಳಿಗೆ ಕೊಟ್ಟೋನಿಗೆ ಬಾಲನ್ಯಾಯ ಕಾಯ್ದೆಲಿ 7 ವರ್ಷದವರೆಗೆ ಬೇರೆ ಶಿಕ್ಷೆ ಇದೆ, ಅದನ್ನ ಹಾಕೋದೇ ಕಮ್ಮಿ, ಅದನ್ನ ಹಾಕಿ. ಸೇದೋ ಹುಡುಗನಿಗೆ ಪೊಲೀಸ್ ಭಯ ಇದ್ರೆ ಅವನು ಆಸ್ಪತ್ರೆಗೂ ಬರಲ್ಲ, ಮನೆಯಲ್ಲೂ ಹೇಳಲ್ಲ.

ಕೊನೆಗೆ ಒಬ್ರು ತಾಯಿ, ಸಭೆ ಮುಗಿದ್ಮೇಲೆ ಹತ್ರ ಬಂದು ಕೇಳಿದ್ರು, ಇನ್ನೂ ಎಷ್ಟೋ ಜನಕ್ಕೆ ಬೇಕಾಗಿರೋ ಪ್ರಶ್ನೆ ಅಂತ ಇಲ್ಲಿ ಹಾಕ್ತಿದೀನಿ. ಮಗ ಸೇದ್ತಾನೆ ಅಂತ ಗೊತ್ತಾಗಿದೆ, ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಲ್ಲಿಂದ ಪೊಲೀಸಿಗೆ ಹೋಗುತ್ತಾ? ಅಕ್ಕ, ಹೆದರ್ಬೇಡಿ. ತಾನಾಗಿ ಚಿಕಿತ್ಸೆಗೆ ಬಂದೋನಿಗೆ ರಕ್ಷಣೆ ಕೊಡೋಕಂತಲೇ ಈ ಕಾಯ್ದೆಲಿ 64ಎ ಅಂತ ಒಂದು ಸೆಕ್ಷನ್ ಇದೆ. ಚಟಕ್ಕೆ ಬಿದ್ದೋನ ಮೇಲೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಬಿದ್ದಿದ್ರೂ, ಅವನು ಸ್ವಂತ ಇಷ್ಟದಿಂದ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಲಿ ಚಿಕಿತ್ಸೆ ತಗೊಂಡ್ರೆ ಆ ಕೇಸ್ ನಡೆಸೋ ಹಾಗಿಲ್ಲ. ಅರ್ಧಕ್ಕೆ ಬಿಟ್ರೆ ಮಾತ್ರ ಆ ರಕ್ಷಣೆ ಹೋಗಬಹುದು, ಹಾಗಾಗಿ ಪೂರ್ತಿ ಮಾಡಿಸ್ಬೇಕು, ಪ್ರತಿ ಸಲದ ಚೀಟಿ ಇಟ್ಕೊಳ್ಳಿ. ಕೇಸ್ ತೀರ್ಪಿನ ಹಂತಕ್ಕೆ ಹೋಗಿದ್ರೂ 39ನೇ ಸೆಕ್ಷನ್ನಲ್ಲಿ ಜೈಲಿನ ಬದಲು ಚಿಕಿತ್ಸೆಗೆ ಕಳಿಸಿ ಅಂತ ಕೋರ್ಟನ್ನ ಕೇಳಬಹುದು. ನಿಮ್ಮ ವಕೀಲರು ಈ ಎರಡು ಸೆಕ್ಷನ್ ಹೇಳದಿದ್ರೆ ನೀವೇ ಕೇಳಿ. ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೆಲಿ ಮನೋವೈದ್ಯರು ಸಿಗ್ತಾರೆ. ಅಲ್ಲಿಗೆ ಹೋಗೋ ಧೈರ್ಯ ಇನ್ನೂ ಬಂದಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ವ್ಯಸನಮುಕ್ತಿಗೆ ಅಂತಲೇ ಬೇರೆ ನಂಬರ್ 14446. ಇವತ್ತೇ ಮಾಡಿ, ಮಗನ ಪಕ್ಕ ಕೂತು ಮಾಡಿ.